ಸೊನ್ನೆ ಬಿಲ್ಲಿನ ಮನೆಗೊಂದು ಹೀಟ್ ಪಂಪ್

ಡಿಸೆಂಬರ್‌ನ ಒಂದು ಸೋಮವಾರ ಬೆಳಗ್ಗೆ ಆರೂವರೆಗೆ ನಮ್ಮ ಮನೆಯ ಗೀಸರ್ ತೀರಿಕೊಂಡಿತು. ಸುಮ್ನೆ ಹೋಗಲಿಲ್ಲ. ಸ್ವಿಚ್ ಹಾಕಿದ ಕೂಡಲೇ ಟಪ್ ಅಂತ ಇಡೀ ಮನೆಯ ಕರೆಂಟನ್ನು ಜೊತೆಗೇ ಕರೆದುಕೊಂಡು ಹೋಯಿತು. ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೇ ನಿಂತಿತು. ನಾನು ಬೋರ್ಡಿನ ಹತ್ತಿರ ಓಡಿ ಬಿದ್ದ ಸ್ವಿಚ್ಚನ್ನು ಮೇಲೆತ್ತಿದೆ. ಮತ್ತೆ ಟಪ್. ಮೂರನೇ ಸಲ ಎತ್ತಲು ಹೋದಾಗ ಹೆಂಡತಿ, "ಅದು ಬೇಡ ಬೇಡ ಅಂತಿದೆ, ನಿಮಗೇ ಅರ್ಥ ಆಗ್ತಿಲ್ಲ" ಅಂದಳು.

2008ರಲ್ಲಿ ಬೆಂಗಳೂರಿನ ಈ ಫ್ಲಾಟಿಗೆ ಬಂದಾಗ ಹಾಕಿಸಿದ 25 ಲೀಟರಿನ ಗೀಸರ್ ಅದು. ಅಂದಿನಿಂದ ಬೋರ್‌ವೆಲ್ ನೀರು ಕುಡಿದೇ ಬದುಕಿತ್ತು. ಕೊನೆಯ ಎರಡು ವರ್ಷ ಅದು ಕಾಯುವಾಗೆಲ್ಲ ಒಳಗಿಂದ ಕಡಲೆಕಾಯಿ ಹುರಿದ ಹಾಗೆ ಸದ್ದು ಬರುತ್ತಿತ್ತು, ನಾವು ಅದನ್ನು ಪಾಪ ಕಷ್ಟಪಟ್ಟು ಕೆಲಸ ಮಾಡ್ತಿದೆ ಅಂತ ತಿಳಿದುಕೊಂಡಿದ್ದೆವು. ಎಲೆಕ್ಟ್ರಿಷಿಯನ್ ಬಂದು ಕೆಳಗಿನ ಮುಚ್ಚಳ ಬಿಚ್ಚಿದಾಗ ಸುಣ್ಣದ ಚಕ್ಕೆಗಳು ದಬದಬ ಅಂತ ಅವನ ತಲೆ ಮೇಲೇ ಬಿದ್ದವು. "ಕಾಯಿಲ್ ಒಡೆದಿದೆ ಸಾರ್, ಕರೆಂಟು ನೀರಿಗೆ ಇಳೀತಿದೆ. ಟ್ರಿಪ್ ಆಗಿದ್ದಕ್ಕೇ ನೀವು ಹೀಗೆ ನಿಂತು ಮಾತಾಡ್ತಾ ಇರೋದು" ಅಂದ. ಒಳಗೆ ಮೆಗ್ನೀಷಿಯಂ ರಾಡ್ ಅಂತ ಒಂದು ಇರುತ್ತದಂತೆ. ಟ್ಯಾಂಕಿಗೆ ಬರಬೇಕಾದ ತುಕ್ಕನ್ನು ಅದು ತನ್ನ ಮೈಮೇಲೆ ಎಳೆದುಕೊಂಡು ಸವೆಯುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸುತ್ತಿರಬೇಕು. ನಮ್ಮದರಲ್ಲಿ ಉಳಿದಿದ್ದದ್ದು ಊದುಬತ್ತಿ ಕಡ್ಡಿಯಷ್ಟು ತಂತಿ. ಹದಿನೇಳು ವರ್ಷ ನಮಗೋಸ್ಕರ ಸವೆದ ಜೀವವೊಂದು ಬಚ್ಚಲುಮನೆಯಲ್ಲಿದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ ನೋಡಿ. ಟ್ಯಾಂಕೂ ತೂತಾಗಿತ್ತು. ರಿಪೇರಿ ಮಾತೇ ಇಲ್ಲ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಅಂಗಡಿಗೆ ಹೋಗಿ ಹತ್ತು ಸಾವಿರ ಕೊಟ್ಟು ಇನ್ನೊಂದು ಗೀಸರ್ ತಂದು ನೇತುಹಾಕಿದರೆ ಆಯ್ತು. ಆದರೆ ಅದೇ ರಾತ್ರಿ ಮೆಲ್ಬರ್ನ್‌ನಿಂದ ಭಾವಮೈದ ಫೋನ್ ಮಾಡಿದ.

"ಭಾವಾ, ಈ ಕಾಲದಲ್ಲೂ ಗೀಸರಾ? ಹೀಟ್ ಪಂಪ್ ಹಾಕ್ಸಿ" ಅಂದ. ಅಲ್ಲಿ ವಿಕ್ಟೋರಿಯಾ ಸರ್ಕಾರ ಹಳೇ ಎಲೆಕ್ಟ್ರಿಕ್ ಹೀಟರ್ ತೆಗೆದು ಇದನ್ನು ಹಾಕಿಸುವವರಿಗೆ ರಿಯಾಯಿತಿ ಬೇರೆ ಕೊಡುತ್ತದಂತೆ. ವಿಡಿಯೋದಲ್ಲಿ ಮನೆಯ ಹಿಂದೆ ಹುಲ್ಲಿನ ಪಕ್ಕ ನಿಂತಿದ್ದ ತನ್ನ ಹೀಟ್ ಪಂಪನ್ನು ಹೊಸ ಅಳಿಯನನ್ನು ತೋರಿಸುವ ಹಾಗೆ ಸುತ್ತಲೂ ತೋರಿಸಿದ. ಫ್ರಿಜ್ ಗಾತ್ರ ಇತ್ತು. ಕರೆಂಟು ಮೂರನೇ ಒಂದು ಭಾಗ ಸಾಕು ಅಂದ. ಆ ಒಂದು ಮಾತು ನನ್ನ ತಲೆಗೆ ಹೊಕ್ಕಿತು. ನಾನು ಎಂಥವನು ಅಂದರೆ, ಐವತ್ತು ರೂಪಾಯಿ ಉಳಿಸುವ ದಾರಿ ಗೊತ್ತಾದರೆ ಅದಕ್ಕೆ ಐನೂರು ಖರ್ಚು ಮಾಡಿಯಾದರೂ ಹೋಗುವವನು.

ಮಾರನೇ ದಿನ ಅಂಗಡಿಯವನು ಬಹಳ ಚೆನ್ನಾಗಿ ವಿವರಿಸಿದ. ಗೀಸರ್ ಕರೆಂಟನ್ನೇ ಬಿಸಿಯಾಗಿ ಬದಲಾಯಿಸಿ ನೀರಿಗೆ ಕೊಡುತ್ತದೆ, ಹೀಟ್ ಪಂಪ್ ಹಾಗಲ್ಲ, ಸುತ್ತಲಿನ ಗಾಳಿಯಲ್ಲಿರುವ ಬಿಸಿಯನ್ನು ಹೊತ್ತು ತಂದು ನೀರಿಗೆ ಸುರಿಯುತ್ತದೆ, ಕರೆಂಟು ಬರೀ ಹೊರುವ ಕೂಲಿ. ಒಂದು ಯೂನಿಟ್ ಕೂಲಿಗೆ ಹೆಚ್ಚುಕಮ್ಮಿ ಮೂರು ಯೂನಿಟ್ಟಿನಷ್ಟು ಬಿಸಿ. ಫ್ರಿಜ್ಜನ್ನು ತಿರುವಿ ಹಾಕಿದ ಹಾಗೆ ಅಷ್ಟೇ.

ಮನೆಗೆ ಬಂದು ಇದನ್ನೇ ಅಮ್ಮನಿಗೆ ಹೇಳಿದೆ. ಅಮ್ಮ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಇನ್ನೊಂದು ಶಾಲು ಹೊದ್ದು ಕೂತಿದ್ದರು. "ಈ ಗಾಳೀಲಿ ಬಿಸಿ ಎಲ್ಲಿದೆಯೋ?" ಅಂದರು. ಒಳಗಿರುವ ಗ್ಯಾಸು ಮೈನಸ್ 26 ಡಿಗ್ರಿಯಲ್ಲೇ ಕುದಿಯುವಂಥದ್ದು, ಆರ್-134ಎ ಅಂತ, ನಮಗೆ ನಡುಕ ಬರಿಸುವ 15 ಡಿಗ್ರಿ ಅದಕ್ಕೆ ರಾಯಚೂರಿನ ಬೇಸಿಗೆ ಇದ್ದ ಹಾಗೆ ಅಂತ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಇರೋ ಬಿಸೀನೂ ಅದು ಎಳ್ಕೊಂಡ್ರೆ ನಾವೇನು ಮಾಡೋದು?" ಅಂದರು. ಈ ಪ್ರಶ್ನೆ ತಮಾಷೆಯಲ್ಲ. ಆ ಯಂತ್ರ ನಿಜವಾಗಿಯೂ ತಣ್ಣನೆ ಗಾಳಿಯನ್ನು ಹೊರಗೆ ಊದುತ್ತದೆ, ಎಸಿ ಥರ ನೀರೂ ತೊಟ್ಟಿಕ್ಕುತ್ತದೆ. ಮೆಲ್ಬರ್ನ್‌ನಲ್ಲಿ ಆ ಗಾಳಿ ಹುಲ್ಲಿಗೆ ಹೋಗುತ್ತದೆ. ನಮ್ಮಲ್ಲಿ ಅದನ್ನು ಇಡಬಹುದಾದ ಜಾಗ ಅಂದರೆ ಅಡುಗೆಮನೆ ಹಿಂದಿನ ಯುಟಿಲಿಟಿ, ಮೂರೂವರೆ ಅಡಿ ಅಗಲ.

ಆ ಯುಟಿಲಿಟಿಯಲ್ಲಿ ಏನೇನಿತ್ತು ಅಂದರೆ ವಾಷಿಂಗ್ ಮಷೀನು, ಎರಡು ಸಿಲಿಂಡರ್, ಈರುಳ್ಳಿ ಬುಟ್ಟಿ, ಯಾವತ್ತೋ ಮಿಕ್ಕಿದ ಪೇಂಟ್ ಡಬ್ಬಗಳು, ಉಪ್ಪಿನಕಾಯಿ ಜಾಡಿ, ಮತ್ತೆ ಇವೆಲ್ಲದರ ಹಿಂದೆ ಗೋಣಿಚೀಲ ಸುತ್ತಿಕೊಂಡು ಊರಿಂದ ಬಂದ ತಾಮ್ರದ ಹಂಡೆ. ಟೇಪು ಹಿಡಿದು ಅಳೆಯಬೇಕಲ್ಲ, ಒಂದು ಭಾನುವಾರ ಪೂರ್ತಿ ಎಲ್ಲವನ್ನೂ ಹೊರಗೆ ಹಾಕಿದೆ. ಹಂಡೆ ನೋಡಿದ್ದೇ ಅಮ್ಮನ ಮುಖ ಅರಳಿತು. ಊರಿನ ಬಚ್ಚಲೊಲೆ, ಅಡಿಕೆ ಸಿಪ್ಪೆಯ ಬೆಂಕಿ, ನೀರು ತುಂಬೋ ಹಬ್ಬಕ್ಕೆ ಹಂಡೆ ತಿಕ್ಕಿ ಕೆಮ್ಮಣ್ಣು ಸುಣ್ಣದ ಪಟ್ಟೆ ಬಳಿದು ಕೊರಳಿಗೆ ಬಳ್ಳಿ ಕಟ್ಟುತ್ತಿದ್ದದ್ದು, ಎಲ್ಲಾ ಶುರುವಾಯಿತು. ಆಗ ನೀರಿಗೆ ಬಿಸಿ ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳುತ್ತಿರಲಿಲ್ಲವಂತೆ. ಒಲೆ ಊದಿದವರು ಯಾರು ಅಂತ ಮಾತ್ರ ನಾನು ಕೇಳಲಿಲ್ಲ, ಉತ್ತರ ಗೊತ್ತಿತ್ತು.

ರಾತ್ರಿ ಕೂತು ಲೆಕ್ಕ ಹಾಕಿದೆ. 25 ಲೀಟರ್ ಒಮ್ಮೆ ಕಾಯಲು ಒಂದು ಯೂನಿಟ್ ಚಿಲ್ಲರೆ. ದಿನಕ್ಕೆ ಮೂರು ಸಲ, ತಿಂಗಳಿಗೆ ತೊಂಬತ್ತು ಅನ್ನಿ. ಹೀಟ್ ಪಂಪಿಗೆ ಮೂವತ್ತು ಸಾಕು, ಉಳಿತಾಯ ಅರವತ್ತು. ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ ವರ್ಷಕ್ಕೆ 4,320. ಅಂಗಡಿಯವನು 100 ಲೀಟರಿಂದಕ್ಕೆ ಹೇಳಿದ್ದು 1,15,000. ಗೀಸರಿಗಿಂತ ಹೆಚ್ಚುವರಿ 1,05,000. ಭಾಗಿಸಿದರೆ 24 ವರ್ಷ ಬಂತು. ಹೀಟ್ ಪಂಪ್ ಅಷ್ಟು ವರ್ಷ ಬಾಳುತ್ತೋ ಇಲ್ವೋ, ನಾನು ಬಾಳುತ್ತೀನೋ ಇಲ್ವೋ ಅಂತ ಯೋಚಿಸುತ್ತಿದ್ದಾಗ ಪಕ್ಕದಲ್ಲಿ ಓದುತ್ತಿದ್ದ ಮಗಳು ಕೇಳಿದಳು, "ಅಪ್ಪಾ, ನಾವು ಕರೆಂಟ್ ಬಿಲ್ ಕಟ್ತೀವಾ?"

ಇಲ್ಲ. 2023ರ ಆಗಸ್ಟ್‌ನಿಂದ ಗೃಹಜ್ಯೋತಿ. ನಮ್ಮ ಹಳೇ ಸರಾಸರಿ 160 ಯೂನಿಟ್, ಅದರ ಮೇಲೆ ಶೇಕಡ 10 ಸೇರಿ 176ರವರೆಗೆ ಬಿಲ್ ಸೊನ್ನೆ. ಮಗಳು ನನ್ನ ಕಾಗದ ಎಳೆದುಕೊಂಡು 4,320 ಹೊಡೆದು ಹಾಕಿ ಸೊನ್ನೆ ಬರೆದಳು. "ಈಗ ಭಾಗಿಸು. ಸೊನ್ನೆಯಿಂದ ಭಾಗಿಸೋಕಾಗಲ್ಲ ಅಂತ ನೀನೇ ಹೇಳಿಕೊಟ್ಟಿದ್ದು."

ಮರ್ಯಾದೆ ಇರುವವನು ಅಲ್ಲಿಗೆ ಬಿಡುತ್ತಿದ್ದ. ನಾನು ಬಿಡಲಿಲ್ಲ. ಯೋಜನೆ ನಾಳೆ ನಿಂತರೆ? ಬೇಸಿಗೆಯಲ್ಲಿ ಎಸಿ ಹಾಕಿಸಿದರೆ? 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕಲ್ವಾ, ಆಗ ಈ ಅರವತ್ತು ಯೂನಿಟ್ಟೇ ನಮ್ಮನ್ನು ಕಾಯುವುದು! ಇದನ್ನು ನಾನು ಜೋರಾಗಿಯೇ ಹೇಳಿದೆ. ಯಾರೂ ಉತ್ತರ ಕೊಡಲಿಲ್ಲ. ನಾನು ಇನ್ನೂ ಎರಡು ಅಂಗಡಿ ನೋಡುವುದು ಅಂತ ತೀರ್ಮಾನವಾಯಿತು, ಅಂದರೆ ನಾನೇ ತೀರ್ಮಾನ ಮಾಡಿದೆ.

ಅಷ್ಟು ದಿನ ಸ್ನಾನ? ಅದಕ್ಕೆ ಬಕೆಟ್ಟಿನಲ್ಲಿ ಮುಳುಗಿಸುವ ಕಾಯಿಲ್, 1500 ವ್ಯಾಟಿನದು. ಅದಕ್ಕೆ ಬಿಸಿ ಸಾಕಾಯ್ತು ಅನ್ನೋದೇ ಗೊತ್ತಾಗಲ್ಲ, ನಾವೇ ನೆನಪಿಟ್ಟು ಆರಿಸಬೇಕು. ನಮ್ಮ ಮನೆಯಲ್ಲಿ ನೆನಪಿಡುವ ಕೆಲಸ ಯಾರದು ಅನ್ನೋದು ಇನ್ನೂ ಇತ್ಯರ್ಥವಾಗಿಲ್ಲ. ಒಂದು ದಿನ ನಾನು ಹೀಟ್ ಪಂಪಿನ ವಿಡಿಯೋ ನೋಡುತ್ತಾ ಕೂತು, ಬಚ್ಚಲಿಂದ ಹಬೆ ಬಂದಾಗಲೇ ಎಚ್ಚರಾದದ್ದು. ಇನ್ನೊಂದು ದಿನ ಕಾಯಿಲ್ ವಾಲಿ ಪ್ಲಾಸ್ಟಿಕ್ ಬಕೆಟ್ಟಿಗೆ ಅಂಟಿ, ಅಷ್ಟಗಲ ತೂತು. ಸುಟ್ಟ ವಾಸನೆಗೆ ಎದುರುಮನೆಯವರು ಬಂದು ಬಾಗಿಲು ಬಡಿದರು. ಬಕೆಟ್ಟಿನ ಲೆಕ್ಕದಲ್ಲಿ 350 ರೂಪಾಯಿ ಬರೆದುಕೊಂಡೆ.

ಇಪ್ಪತ್ತಾರು ದಿನ ಹೀಗೆ ಕಳೆಯಿತು. ಇಪ್ಪತ್ತೇಳನೇ ದಿನ ನಾನು ಮೂರನೇ ಅಂಗಡಿಯಲ್ಲಿ ಟೇಪು ಹಿಡಿದು ಬಗ್ಗಿದ್ದಾಗ ಹೆಂಡತಿಯ ಮೆಸೇಜು ಬಂತು. ಬರೀ ಫೋಟೋ. ಬಚ್ಚಲುಮನೆ ಗೋಡೆಯ ಮೇಲೆ ಬೆಳ್ಳಗೆ ಹೊಳೆಯುವ 15 ಲೀಟರಿನ ಸಾದಾ ಗೀಸರ್. ಮುಖ್ಯರಸ್ತೆಯ ಅಂಗಡಿಯಿಂದ ತರಿಸಿ, ಮುಕ್ಕಾಲು ಗಂಟೆಯಲ್ಲಿ ಹಾಕಿಸಿ, ಆಗಲೇ ಸ್ನಾನವನ್ನೂ ಮುಗಿಸಿದ್ದಳು.

ಅದರ ಮಾರನೇ ವಾರ ಮೀಟರ್ ನೋಡುವವನು ಬಂದು ಚೀಟಿ ಕೊಟ್ಟು ಹೋದ. 207 ಯೂನಿಟ್. ಸೊನ್ನೆ ಇರುತ್ತಿದ್ದ ಜಾಗದಲ್ಲಿ, ನಿಗದಿತ ಶುಲ್ಕ ತೆರಿಗೆ ಎಲ್ಲಾ ಸೇರಿ, ಸಾವಿರದ ಏಳುನೂರು ಚಿಲ್ಲರೆ. ಕರೆಂಟು ಉಳಿಸುವುದು ಹೇಗೆ ಅಂತ ಯೋಚಿಸುತ್ತಾ ಕೂತ ಒಂದು ತಿಂಗಳಿನ ಬಿಲ್ಲು ಅದು. ಯಾರೂ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಆಯ್ತು. ಚೀಟಿ ಈಗಲೂ ಫ್ರಿಜ್ಜಿನ ಬಾಗಿಲ ಮೇಲಿದೆ.

ಹಳೇ ಗೀಸರನ್ನು ಗುಜರಿಯವನಿಗೆ ಕೊಟ್ಟೆವು. ಅವನು ಎತ್ತಿ ನೋಡಿ, "ಇಷ್ಟು ತೂಕ ಕಬ್ಬಿಣದ್ದಲ್ಲ ಸಾರ್" ಅಂತ ಅಂಗಳದಲ್ಲೇ ತಲೆಕೆಳಗು ಮಾಡಿ ಕುಟ್ಟಿದ. ಮೊರದಷ್ಟು ಸುಣ್ಣ ಸುರಿಯಿತು. ಅದನ್ನೆಲ್ಲ ಬಿಟ್ಟು ತೂಕ ಹಾಕಿ 320 ರೂಪಾಯಿ ಕೊಟ್ಟ. ನಾನು ಪೊರಕೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಆ ಚಕ್ಕೆಗಳನ್ನೆಲ್ಲ ಒಂದು ಪೇಂಟ್ ಡಬ್ಬಕ್ಕೆ ತುಂಬಿಕೊಂಡಿದ್ದರು. ಸಂಕ್ರಾಂತಿಯ ಬೆಳಗ್ಗೆ ನಮ್ಮ ಬಾಗಿಲ ಮುಂದಿನ ರಂಗೋಲಿ ಸ್ವಲ್ಪ ಕಂದು ಬಣ್ಣಕ್ಕಿತ್ತು.