ನೀರನ್ನೂ ಬಿಟ್ಟವನ ಹನ್ನೆರಡು ದಿನ

‘ಬಾಬಿ ಸ್ಯಾಂಡ್ಸ್ 66 ದಿನ ತಡೆದುಕೊಂಡ, ತಿಲೀಪನ್ ಹನ್ನೆರಡೇ ದಿನಕ್ಕೆ ಹೋದ’ ಅಂತ ಒಬ್ಬರು ಬರೆದದ್ದನ್ನು ಈಗಷ್ಟೇ ಓದಿದೆ. ಮೈ ಉರಿಯಿತು. ಸಾವನ್ನು ಓಟದ ಪಂದ್ಯದ ಹಾಗೆ ಅಳೆಯುತ್ತಾರಾ? ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಹತ್ತಿರದ ಮೇಜ್ ಜೈಲಿನಲ್ಲಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದ ಐಆರ್‌ಎ ಸಂಘಟನೆಯ ಕೈದಿ ಸ್ಯಾಂಡ್ಸ್ ಅನ್ನ ಬಿಟ್ಟಿದ್ದ, ನೀರು ಉಪ್ಪು ಬಿಟ್ಟಿರಲಿಲ್ಲ. ಶ್ರೀಲಂಕಾದ ಜಾಫ್ನಾದ ನಲ್ಲೂರಿನಲ್ಲಿ, 1987ರ ಸೆಪ್ಟೆಂಬರ್ 15ರಿಂದ, ತಮಿಳರ ಪ್ರತ್ಯೇಕ ನಾಡಿಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇಯ ತಿಲೀಪನ್ ನೀರನ್ನೂ ಮುಟ್ಟಲಿಲ್ಲ.

ಎರಡೂ ಒಂದೇ ಉಪವಾಸವಲ್ಲ. ನೀರು ಕುಡಿಯುವ ದೇಹ ಮೊದಲು ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ಕರಗಿಸುತ್ತದೆ, ಆಮೇಲೆ ಕೊಬ್ಬು, ಜೊತೆಗೇ ಸ್ನಾಯು. ಕೆಲವು ವಾರ ಕಳೆದ ಮೇಲೆ ಬಿ1 ವಿಟಮಿನ್ ಬರಿದಾಗಿ ಕಣ್ಣುಗುಡ್ಡೆ ತಾನಾಗಿ ಅದುರತೊಡಗುತ್ತದೆ, ಒಂದು ಎರಡಾಗಿ ಕಾಣುತ್ತದೆ, ವಾಂತಿ ನಿಲ್ಲುವುದಿಲ್ಲ. 1981ರಲ್ಲಿ ಮೇಜ್ ಜೈಲಿನ ಉಪವಾಸದಲ್ಲಿ ಸತ್ತ ಹತ್ತು ಮಂದಿಯಲ್ಲಿ ಎಲ್ಲರಿಗಿಂತ ಬೇಗ ಹೋದವನಿಗೆ 46 ದಿನ, ಹೆಚ್ಚು ತಡೆದವನಿಗೆ 73 ದಿನ. ನೀರು ಬಿಟ್ಟರೆ ಕೊಬ್ಬು ಎಷ್ಟಿದ್ದರೂ ಉಪಯೋಗವಿಲ್ಲ. ರಕ್ತದಲ್ಲಿ ಸೋಡಿಯಂ ಏರುತ್ತದೆ, ಮೂತ್ರ ಕಟ್ಟುತ್ತದೆ, ಕಿಡ್ನಿ ಕೈಕೊಡುತ್ತದೆ. ಸೆಕೆಯ ಊರಿನಲ್ಲಿ ಇನ್ನೂ ಬೇಗ.

ಆ ದಿನಗಳಿಂದಲೇ ರಾಜಕೀಯವೂ ಬದಲಾಗುತ್ತದೆ. ಸ್ಯಾಂಡ್ಸ್ ಮಾರ್ಚ್ 1ಕ್ಕೆ ಶುರು ಮಾಡಿದ. ನಾಲ್ಕೇ ದಿನಕ್ಕೆ ಫರ್ಮಾನಾ-ಸೌತ್ ಟೈರೋನ್ ಕ್ಷೇತ್ರದ ಸಂಸದ ತೀರಿಕೊಂಡರು. ಏಪ್ರಿಲ್ 9ರ ಉಪಚುನಾವಣೆಯಲ್ಲಿ ಸ್ಯಾಂಡ್ಸ್ ಜೈಲಿನಿಂದಲೇ ನಿಂತು 30,493 ಮತ ಪಡೆದು ಗೆದ್ದ. ಸತ್ತದ್ದು ಮೇ 5ಕ್ಕೆ. ನೀರು ಕುಡಿಯದಿದ್ದರೆ ಆ ಗೆಲುವು ಎಲ್ಲಿ ಸಿಗುತ್ತಿತ್ತು? ಮುಂದೆ, ಪ್ರಜ್ಞೆ ತಪ್ಪಿದ ಮಕ್ಕಳಿಗೆ ಚಿಕಿತ್ಸೆ ಕೊಡಿ ಅಂತ ಮನೆಯವರು ಒಪ್ಪಿಗೆ ಕೊಡತೊಡಗಿದ್ದರಿಂದಲೇ ಅಕ್ಟೋಬರ್ 3ಕ್ಕೆ ಮುಷ್ಕರ ನಿಂತಿತು. ಹಾಗೆ ಅಡ್ಡ ಬರುವುದಕ್ಕೂ ವಾರಗಟ್ಟಲೆ ಸಮಯ ಬೇಕು.

ನಲ್ಲೂರಿನಲ್ಲಿ ಆ ಸಮಯವೇ ಇರಲಿಲ್ಲ. ತಿಲೀಪನ್ ಬೇಡಿಕೆ ಐದು: ಭಯೋತ್ಪಾದನಾ ತಡೆ ಕಾಯ್ದೆಯಡಿ ಹಿಡಿದಿಟ್ಟವರ ಬಿಡುಗಡೆ, ಪುನರ್ವಸತಿ ಹೆಸರಿನ ಸಿಂಹಳ ವಸಾಹತಿಗೆ ತಡೆ, ಮಧ್ಯಂತರ ಸರ್ಕಾರ ಬರುವತನಕ ಆ ಪುನರ್ವಸತಿಯನ್ನೇ ನಿಲ್ಲಿಸುವುದು, ಹೊಸ ಪೊಲೀಸ್ ಠಾಣೆ ಬೇಡ, ಶಾಲೆಗಳಿಂದ ಸೈನ್ಯ ಹೊರಗೆ ಹೋಗುವುದರ ಜೊತೆಗೇ ಊರುಗಾವಲು ಪಡೆಯ ಬಂದೂಕು ವಾಪಸ್. ಕೊಲಂಬೊ, ದೆಹಲಿ ಎರಡೂ ಕಡೆ ಇವು ಇತ್ಯರ್ಥವಾಗಬೇಕು. ಹನ್ನೆರಡು ದಿನದಲ್ಲಿ ಯಾವ ಸರ್ಕಾರದ ಕಡತ ಕದಲುತ್ತದೆ?

ಎಲ್‌ಟಿಟಿಇ ಬಂದೂಕಿನ ಸಂಘಟನೆ, ತಿಲೀಪನ್ ಸಾವನ್ನು ಬಳಸಿಕೊಂಡಿತು ಅಂತೀರಿ. ಬಳಸಿಕೊಂಡಿತು, ನಾನೂ ಒಪ್ಪುತ್ತೇನೆ. ಐಆರ್‌ಎ ಕೂಡ ಬಳಸಿಕೊಂಡಿತು. ಅದರಿಂದ ಆ ಬೇಡಿಕೆಗಳಲ್ಲಿ ಒಂದೂ ಸುಳ್ಳಾಗುವುದಿಲ್ಲ, ಆ ಹುಡುಗನ ಬಾಯಾರಿಕೆಯೂ ಸುಳ್ಳಾಗುವುದಿಲ್ಲ. ಶ್ರೀಲಂಕಾ ಜೊತೆಗಿನ 1987ರ ಒಪ್ಪಂದದ ಜಾಮೀನುದಾರನಾಗಿ ನಿಂತ ಭಾರತ ಈ ಲೆಕ್ಕದಿಂದ ಜಾರಿಕೊಳ್ಳುವುದನ್ನಂತೂ ನಾನು ಒಪ್ಪುವುದಿಲ್ಲ.

ಸೆಪ್ಟೆಂಬರ್ 26ರ ಬೆಳಿಗ್ಗೆ ಸತ್ತ. 23 ವರ್ಷ. ಅಕ್ಟೋಬರ್ 10ಕ್ಕೆ ಶಾಂತಿ ಕಾಯಲು ಹೋಗಿದ್ದ ಭಾರತದ ಪಡೆಯೇ ಎಲ್‌ಟಿಟಿಇ ಹುಲಿಗಳ ಮೇಲೆ ಯುದ್ಧ ಶುರು ಮಾಡಿತ್ತು. ತಿಲೀಪನ್ ವೈದ್ಯಕೀಯ ಓದುತ್ತಿದ್ದವನು. ನೀರಿಲ್ಲದ ದೇಹಕ್ಕೆ ಏನಾಗುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನ ಇಚ್ಛೆಯಂತೆ ಹೆಣವನ್ನು ಜಾಫ್ನಾ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗಕ್ಕೇ ಕೊಟ್ಟರು.