ಫ್ಲ್ಯಾಗ್ ಫುಟ್‌ಬಾಲ್: ಎಲ್ಲರಿಗೂ ಅರ್ಧ ಪಂದ್ಯ ಸಿಗಲೇಬೇಕೆ?

ಫ್ಲ್ಯಾಗ್ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್‌ನ ಸೌಮ್ಯ ರೂಪ. ಅದು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿದ್ದು 2023ರಲ್ಲಿ, ನಮ್ಮ ಮುಂಬೈಯಲ್ಲೇ ನಡೆದ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ. ತಂಡಕ್ಕೆ ಐವರು, 20 ನಿಮಿಷಗಳ ಎರಡು ಅವಧಿ. ಡಿಕ್ಕಿ ಹೊಡೆಯುವಂತಿಲ್ಲ, ಕೆಡವುವಂತಿಲ್ಲ. ಚೆಂಡು ಹಿಡಿದವರ ಸೊಂಟದಲ್ಲಿ ನೇತಾಡುವ ಪಟ್ಟಿಯನ್ನು, ಅಂದರೆ ಫ್ಲ್ಯಾಗ್ ಅನ್ನು, ಕಿತ್ತರೆ ಓಟ ಅಲ್ಲಿಗೇ ಮುಗಿಯಿತು. ಕಬಡ್ಡಿ, ಸೆವೆನ್ಸ್ ಫುಟ್‌ಬಾಲ್‌ಗಳ ಕಾಸರಗೋಡಿಗೆ ಇದು ಹೊಸತು. ಪೆರ್ಲದಲ್ಲೋ ಬದಿಯಡ್ಕದಲ್ಲೋ ನಾಳೆ ಯಾರಾದರೂ ಮಕ್ಕಳ ತಂಡ ಕಟ್ಟಿದರೆ, ಪ್ರತಿ ಮಗುವಿಗೂ ಕನಿಷ್ಠ ಅರ್ಧ ಪಂದ್ಯ ಎಂದು ನಿಯಮ ಬರೆದಿಡಬೇಕೆ?

ಪರ

ಬರೆದಿಡಬೇಕು. ತರಬೇತುದಾರರ ಒಳ್ಳೆಯತನವನ್ನು ನೆಚ್ಚಿಕೊಂಡರೆ ಆಗದು. ಎರಡು ಅಂಕ ಹಿಂದೆ ಬಿದ್ದಾಗ ಮೊದಲು ಬೆಂಚಿಗೆ ಹೋಗುವುದು ಆ ಒಳ್ಳೆಯತನವೇ.

ಎಣ್ಮಕಜೆಯ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ಇದು. ಅಂಗವೈಕಲ್ಯವಿರುವ ಮಕ್ಕಳಿಗೆ ಬಡ್ಸ್ ಶಾಲೆಗಳಿವೆ, ಸರಿ. ಊರಿನ ಮೈದಾನಕ್ಕೆ ಅವರನ್ನು ಕರೆದವರು ಎಷ್ಟು ಮಂದಿ? ಈ ಆಟದ ಕಟ್ಟಳೆಯಲ್ಲೇ ಅವರಿಗೆ ಜಾಗವಿದೆ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ತಾನೇ ಅದನ್ನು ಹಿಡಿದು ಮುನ್ನುಗ್ಗುವಂತಿಲ್ಲ. ಅವರ ಮೇಲೆ ಏರಿಬರುವ ಎದುರಾಳಿ 7 ಗಜ ಆಚೆಯಿಂದ ಹೊರಡಬೇಕು. ಓಟ ನಿಧಾನವಾದರೂ ಗುರಿ ಗಟ್ಟಿಯಿರುವ ಹುಡುಗಿಗೆ ಇಷ್ಟು ಸಾಕು. ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್ ಕೂಡ ಮುಂದೆ ಸರಿದು ಪಾಸ್ ಹಿಡಿಯಬಹುದು. ಸ್ಪೆಷಲ್ ಒಲಿಂಪಿಕ್ಸ್‌ನ ಯೂನಿಫೈಡ್ ಪದ್ಧತಿಯಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರೂ ಇಲ್ಲದವರೂ ಒಂದೇ ತಂಡ. ಅಲ್ಲಿ ಅದು ದಯೆಯಲ್ಲ, ತಂಡ ಕಟ್ಟುವ ಷರತ್ತು.

ವಿರೋಧ

ನಿಮಿಷ ಎಣಿಸುವುದು ಸುಲಭ. ತೊಂದರೆ ಇರುವುದೂ ಅಲ್ಲೇ. ಮಗುವನ್ನು ಅಂಚಿನ ಗೆರೆಯ ಬಳಿ ನಿಲ್ಲಿಸಿ, ಆ ಕಡೆಗೆ ಒಂದು ಪಾಸನ್ನೂ ಎಸೆಯದೆ 20 ನಿಮಿಷ ಕಳೆದರೂ ನಿಯಮ ಪಾಲಿಸಿದಂತೆಯೇ. ಎದುರಾಳಿಗಳು ಫ್ಲ್ಯಾಗ್‌ಗೆ ಕೈ ಹಾಕಿದಂತೆ ನಟಿಸಿ ಓಡಲು ಬಿಟ್ಟರಂತೂ ಇನ್ನೂ ಕೆಟ್ಟದ್ದು. ಕನಿಕರದಿಂದ ಬಿಟ್ಟುಕೊಟ್ಟ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಗಳಿಸುವ ಅಂಕ) ಯಾವುದೆಂದು ಮಕ್ಕಳಿಗೆ ತಕ್ಷಣ ತಿಳಿಯುತ್ತದೆ.

ತೆಂಕುತಿಟ್ಟಿನ ಯಕ್ಷಗಾನದಲ್ಲಿ ಹೊಸಬರು ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸುತ್ತಾರೆ. ಅವರಿಗೂ ರಂಗಸ್ಥಳ ಸಿಗುತ್ತದೆ, ಆದರೆ ಭಾಗವತರು ಗಡಿಯಾರ ನೋಡಿ ಕುಣಿಸುವುದಿಲ್ಲ. (ಇದು ಅನ್ಯಾಯವೆಂಬ ದೂರು ಇಲ್ಲವೆಂದಲ್ಲ, ಚೌಕಿಯಲ್ಲಿ ಧಾರಾಳ ಕೇಳಬಹುದು.)

ತರಬೇತುದಾರರಿಂದ ಕೇಳಬೇಕಾದದ್ದು ಬೇರೆ. ಕಿವಿ ಕೇಳದ ಮಗುವಿಗೆ ಸೀಟಿಯ ಜೊತೆಗೆ ಕೈಸನ್ನೆ. ಮಂಡಿ ತರಚುವ ಮುರಕಲ್ಲಿನ ನೆಲ ಬಿಟ್ಟು ಕೊಯ್ಲಾದ ಗದ್ದೆ ಹುಡುಕುವ ತಾಳ್ಮೆ. ಎಲ್ಲಕ್ಕಿಂತ ಹೆಚ್ಚಾಗಿ ಭಾಷೆ. ಪ್ರತಿ ಎಸೆತಕ್ಕೂ ಮೊದಲು ತಂಡ ತಲೆ ಜೋಡಿಸಿ ಗುಟ್ಟಾಗಿ ಯೋಜನೆ ಹಾಕುವ ಆಟವಿದು. ಸೂಚನೆ ಮಲಯಾಳದಲ್ಲಿ ಮಾತ್ರ ಬಂದರೆ, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಮಗು ಎಷ್ಟೇ ಚುರುಕಾಗಿದ್ದರೂ ಇಡೀ ಪಂದ್ಯ ಮೈದಾನದಲ್ಲಿದ್ದೇ ಹೊರಗುಳಿಯುತ್ತದೆ.

ಬರೆದಿಡಲೇಬೇಕೆಂದರೆ ಹೀಗೆ ಬರೆಯಿರಿ: ಪ್ರತಿ ಪಂದ್ಯದಲ್ಲೂ ಪ್ರತಿ ಮಗುವಿಗೆಂದೇ ಯೋಚಿಸಿದ ಒಂದು ಎಸೆತ. ಹಿಡಿಯಲಾಗದಿದ್ದರೆ, ಹಿಡಿಯಲಿಲ್ಲ ಎಂದೇ ಅಂಕಪಟ್ಟಿಯಲ್ಲಿ ದಾಖಲಿಸಿ.