ಮೂವರು ಭಟ್ರನ್ನು ಒಬ್ಬರನ್ನಾಗಿ ಮಾಡಿದ ಕಥೆ

ಬೆಳಿಗ್ಗೆ ಅಂಗಡಿಯಲ್ಲಿ ಆದದ್ದು ನೋಡಿ ತಲೆ ಕೆಟ್ಟು ಹೋಗಿದೆ ಮಾರಾಯ್ರೆ. ನಮ್ಮ ಕಾಸರಗೋಡಿನ ಬದಿಯಡ್ಕದ ಗೊಬ್ಬರದಂಗಡಿಯನ್ನು ತೆಂಕಿನ ದೊಡ್ಡ ಕಂಪೆನಿಯವರು ತಗೊಂಡದ್ದು ನಿಮಗೆಲ್ಲ ಗೊತ್ತುಂಟಲ್ಲ. ಹದಿನೈದೇ ದಿನದಲ್ಲಿ ಹಳೇ ಲೆಕ್ಕ ಪೂರಾ ಅವರ ಸಾಫ್ಟ್‌ವೇರಿಗೆ. ಅದೂ ಯಾವಾಗ, ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗದ ಮದ್ದು ಬಿಡ್ಬೇಕು ಅಂತ ಜನ ಮೈಲುತುತ್ತಿಗೆ (ಕಾಪರ್ ಸಲ್ಫೇಟಿಗೆ) ಸಾಲು ನಿಂತ ಹೊತ್ತಿಗೆ!

ಒಂದೇ ಹೆಸರಿನ ಮೂವರು ಭಟ್ರು ನಮ್ಮ ಗಿರಾಕಿಗಳು. ಹಳೇ ಪುಸ್ತಕದಲ್ಲಿ "ಜೀಪಿನ ಭಟ್ರು", "ಕೆರೆ ಹತ್ರದ ಭಟ್ರು", "ಟೀಚರ ಗಂಡ" ಅಂತ ಇತ್ತು. ಹೆಡ್ಡಾಫೀಸಿನ ಹುಡುಗ ಕೂತಲ್ಲಿಂದಲೇ ಡೂಪ್ಲಿಕೇಟ್ ಅಂತ ಮೂರನ್ನೂ ಒಂದು ಮಾಡಿಟ್ಟ. ಇವತ್ತು ಜೀಪಿನ ಭಟ್ರು ಹತ್ತು ಕಿಲೋ ತುತ್ತು ಕೇಳಿದ್ರೆ ಸ್ಕ್ರೀನಿನಲ್ಲಿ ಕೆಂಪು ಅಕ್ಷರ, ಮೂವರ ಬಾಕಿಯೂ ಇವರ ತಲೆಗೆ, ಬಿಲ್ಲೇ ಆಗುವುದಿಲ್ಲ. ಅಡಿಕೆ ಕೊಟ್ಟ ವಾರದೊಳಗೆ ಬಾಕಿ ತೀರಿಸುವ ಜನ ಅದು. "ಎಂತ ಇದು, ನಾನು ಯಾರ‍್ಯಾರದ್ದೆಲ್ಲ ಕೊಡ್ಬೇಕು?" ಅಂತ ನಗಾಡಿದ್ರು, ಮತ್ತೆ ನಗು ನಿಂತಿತು, ತೂಗಿಟ್ಟ ತುತ್ತು ಅಲ್ಲಿಯೇ ಬಿಟ್ಟು ಎದುರಿನ ಅಂಗಡಿಗೆ ಹೋದ್ರು.

ಕಂಪೆನಿಯವರೇ, ಗಿರಾಕಿ ಬೇಕು ಅಂತ ಅಲ್ವಾ ನೀವು ಅಂಗಡಿ ತಗೊಂಡದ್ದು? ಅಷ್ಟು ದುಡ್ಡು ಕೊಟ್ಟದ್ದು ಗೋಡೆಗಾ, ತಕ್ಕಡಿಗಾ? (ಬಾಕಿಯ ಮೆಸೇಜು ಈಗ ಮಲಯಾಳದಲ್ಲಿ ಮಾತ್ರ, ಅದು ಇನ್ನೊಂದು ಕಥೆ.)

ದೊಡ್ಡದಾಗ್ಬೇಕಾದ್ರೆ ಎಲ್ಲಾ ಕಡೆ ಒಂದೇ ಲೆಕ್ಕ ಬೇಡ್ವಾ ಅಂತ ಕೇಳ್ತೀರಿ. ಬೇಕು, ಬೇಡ ಅಂದವರ‍್ಯಾರು? ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೆ ಸೇರಿದ್ದು 2020 ಏಪ್ರಿಲ್ 1ಕ್ಕೆ, ಸಿಂಡಿಕೇಟ್ ಶಾಖೆಗಳ ಹಳೇ ಐಎಫ್‌ಎಸ್‌ಸಿ ಕೋಡು ನಿಂತದ್ದು 2021 ಜುಲೈ 1ಕ್ಕೆ. ಹದಿನೈದು ತಿಂಗಳು! ನಮಗೆ ಹದಿನೈದು ದಿನ.

ನಾವು ಮಾರುವ ಮದ್ದನ್ನು ಬೆರೆಸುವುದಾದ್ರೂ ಒಮ್ಮೆ ನೋಡ್ಬಹುದಿತ್ತು ಇವರು. ತುತ್ತು ಒಂದು ಕಿಲೋ ಬೇರೆ ನೀರಿನಲ್ಲಿ, ಸುಣ್ಣ ಒಂದು ಕಿಲೋ ಬೇರೆ ನೀರಿನಲ್ಲಿ, ಮತ್ತೆ ಕದಡ್ತಾ ಕದಡ್ತಾ ಸುಣ್ಣದ ನೀರಿಗೆ ತುತ್ತಿನ ನೀರು ಹೊಯ್ದು ಒಟ್ಟು ನೂರು ಲೀಟರ್. ಆಮೇಲೂ ಕತ್ತಿ ಅದ್ದಿ ನೋಡ್ತೇವೆ, ಅಲಗಿಗೆ ಕೆಂಪು ಹಿಡಿದ್ರೆ ಸುಣ್ಣ ಸಾಲದು. ಇವರು ಕತ್ತಿ ಅದ್ದಲೇ ಇಲ್ಲ, ಸೀದಾ ಮರಕ್ಕೆ ಹೊಡೆದ್ರು.

ಇಷ್ಟೆಲ್ಲ ಬೈದೆ. ಆದ್ರೆ ಆ ಪಟ್ಟಿ ಕಳಿಸಿದ್ದು ನಾನೇ. ಜೀಪು, ಕೆರೆ ಎಲ್ಲ ತೆಗೀರಿ, ಆಧಾರಿನಲ್ಲಿದ್ದ ಹೆಸರು ಮಾತ್ರ ಹಾಕಿ ಅಂದ್ರು, ಹಾಕಿದೆ. ಮೂವತ್ತು ವರ್ಷ ಅಂಗಡಿಯ ಲೆಕ್ಕದ ಪುಸ್ತಕ ಬರೆದ ಅಣ್ಣನ ಹತ್ರ ಒಂದು ಮಾತು ಕೇಳಿದ್ರೆ ಮುಗೀತಿತ್ತು, ಆದ್ರೆ ಅವರನ್ನು ಅದರ ಹಿಂದಿನ ವಾರವೇ ಮನೆಗೆ ಕಳಿಸಿ ಆಗಿತ್ತು, ಫೋನ್ ಮಾಡ್ಲಿಕ್ಕೆ ನನಗೆ ಮುಖ ಇರ್ಲಿಲ್ಲ.

ಈಗ ರಾತ್ರಿ ಹತ್ತೂವರೆ, ಹಳೇ ಪುಸ್ತಕ ಮನೆಗೆ ತಂದು ಬಿಡಿಸಿ ಕೂತಿದ್ದೇನೆ. ನಾಳೆ ಕೆರೆ ಹತ್ರದ ಭಟ್ರು ಬರ್ತೇನೆ ಹೇಳಿದ್ದಾರೆ.